ಕೆಂಪು ದೀಪ ಹತ್ತಿದರೆ ಬ್ಯಾಟರಿಯನ್ನು ಬೈಯಬೇಡಿ

ಕುಕ್ಕರ್ ಕೂಗದಿದ್ದರೆ ಏನು ಮಾಡಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ಯಾಸ್ಕೆಟ್ ಸಡಿಲವಾಯಿತೋ, ವೆಯ್ಟಿನ ತೂತಿಗೆ ಬೇಳೆ ಸಿಕ್ಕಿಕೊಂಡಿತೋ, ಒಳಗೆ ನೀರೇ ಸಾಲದೋ ಎಂದು ಒಂದೊಂದಾಗಿ ನೋಡುತ್ತೀರಿ. ಕೂಗಲಿಲ್ಲವೆಂದು ಹೊಸ ಕುಕ್ಕರ್ ತರಲು ಯಾರಾದರೂ ಪೇಟೆಗೆ ಓಡುತ್ತಾರೆಯೇ? ಆದರೆ ಕಾರಿನಲ್ಲಿ ಸ್ಟೀರಿಂಗಿನ ಎದುರು, ಬ್ಯಾಟರಿಯ ಚಿತ್ರವಿರುವ ಪುಟ್ಟ ಕೆಂಪು ದೀಪವೊಂದು ಹತ್ತಿತೆನ್ನಿ, ನಮ್ಮ ಗಂಡಸರು ನೇರವಾಗಿ ಬ್ಯಾಟರಿ ಅಂಗಡಿಗೇ ಹೋಗುತ್ತಾರೆ. ಚಿತ್ರ ಬ್ಯಾಟರಿಯದಲ್ಲವೇ, ಹಾಗಾದರೆ ಕೆಟ್ಟಿರುವುದೂ ಬ್ಯಾಟರಿಯೇ ಎಂಬುದು ಅವರ ಲೆಕ್ಕ.

ಗಾಡಿಯ ವಿಚಾರ ನಮಗೇಕೆ, ಅದನ್ನು ಯಜಮಾನರು ನೋಡಿಕೊಳ್ಳುತ್ತಾರೆ ಎಂದು ಪುಟ ತಿರುವಬೇಡಿ. ಈಗ ನಮ್ಮ ತೀರ್ಥಹಳ್ಳಿಯಂಥ ಊರಿನಲ್ಲೂ ಮಕ್ಕಳನ್ನು ಶಾಲೆಗೆ ಬಿಡುವವರು, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಮದುವೆಮನೆಗೆ ಸಾಮಾನು ಸಾಗಿಸುವವರು ಎಷ್ಟೋ ಮನೆಗಳಲ್ಲಿ ಹೆಂಗಸರೇ. ನಮ್ಮ ಮನೆಯಲ್ಲಂತೂ ಯಜಮಾನರ ಕೆಲಸ ದಾವಣಗೆರೆಯಲ್ಲಿ. ಶನಿವಾರ ರಾತ್ರಿ ಬಂದರೆ ಸೋಮವಾರ ಬೆಳಗಿನ ಜಾವ ಹೊರಟೇಬಿಟ್ಟರು. ನಡುವಿನ ದಿನಗಳಲ್ಲಿ ಕಾರಿನಲ್ಲಿ ದೀಪ ಹತ್ತಿದರೂ ಆರಿದರೂ ನೋಡುವವಳು ನಾನೊಬ್ಬಳೇ.

ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪದರಕ್ಕೆ ತೊಂದರೆಯಾಗಿದೆ. ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ ಶಿವಮೊಗ್ಗಕ್ಕೆ ಹೋಗಿ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬರಬೇಕು. ದಿನ ತಪ್ಪಿಸಿದರೆ ಈಗಿರುವ ನೋಟವೂ ಕೈಬಿಟ್ಟೀತು ಎಂದಿದ್ದಾರೆ. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರರು. ಹಾಗಾಗಿ ಆ ಒಂದು ಬೆಳಿಗ್ಗೆ ನಮ್ಮ ಹಳೆಯ ಪುಟ್ಟ ಕಾರು ಸ್ಟಾರ್ಟ್ ಆಗಲೇಬೇಕು, ಶಿವಮೊಗ್ಗ ಮುಟ್ಟಲೇಬೇಕು. ನಾನು ಈ ಕೆಂಪು ದೀಪದ ಬೆನ್ನು ಹತ್ತಿದ್ದು ಕುತೂಹಲಕ್ಕಲ್ಲ ಸೋದರಿಯರೇ, ಅತ್ತೆಯವರ ಕಣ್ಣಿಗಾಗಿ.

ಕಾರಿನ ಬ್ಯಾಟರಿ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಸಾಸಿವೆ ಡಬ್ಬಿ ಎನ್ನುತ್ತೇನೆ. ನಾವು ಮನೆಖರ್ಚಿನಲ್ಲಿ ಉಳಿಸಿ ಸಾಸಿವೆಯ ಅಡಿಯಲ್ಲಿ ಮುಚ್ಚಿಡುವ ನೋಟುಗಳಿವೆಯಲ್ಲ, ಬ್ಯಾಟರಿಯಲ್ಲಿರುವ ವಿದ್ಯುತ್ತೂ ಅಂಥದ್ದೇ. ಕೀಲಿ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸಲು ಡಬ್ಬಿಯಿಂದ ದೊಡ್ಡದೊಂದು ಹಿಡಿ ತೆಗೆಯಬೇಕಾಗುತ್ತದೆ. ಎರಡು ಮೂರು ಸೆಕೆಂಡಿನ ಮಾತಾದರೂ ಆಗ ಹರಿಯುವುದು ನೂರು ಆಂಪಿಯರಿಗೂ ಮೀರಿದ ವಿದ್ಯುತ್ತು. ಎಂಜಿನ್ ಎದ್ದ ಮೇಲೆ ಮನೆ ನಡೆಸುವುದು ಸಂಬಳ. ಆ ಸಂಬಳ ತರುವುದು ಆಲ್ಟರ್ನೇಟರ್. ಎಂಜಿನ್ನಿನ ಪಕ್ಕಕ್ಕೆ ಬಿಗಿದಿರುವ, ಸುಲಿದ ತೆಂಗಿನಕಾಯಿಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಉಂಡೆ ಅದು. ಎಂಜಿನ್ ತಿರುಗಿದಾಗ ರಬ್ಬರ್ ಬೆಲ್ಟೊಂದು ಅದನ್ನೂ ತಿರುಗಿಸುತ್ತದೆ. ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ. ದೀಪ, ಹಾರ್ನ್, ವೈಪರ್, ಫ್ಯಾನು ಎಲ್ಲದರ ಖರ್ಚನ್ನೂ ಅದೇ ತೂಗಿಸಿ, ಬೆಳಿಗ್ಗೆ ಡಬ್ಬಿಯಿಂದ ತೆಗೆದದ್ದನ್ನು ಮತ್ತೆ ಡಬ್ಬಿಗೆ ತುಂಬುತ್ತದೆ.

ಕೆಂಪು ದೀಪ ಹೇಳುವ ಮಾತು ಇಷ್ಟೇ: ಸಂಬಳ ಬರುತ್ತಿಲ್ಲ, ಈಗ ಡಬ್ಬಿಯ ದುಡ್ಡಿನಲ್ಲಿ ಮನೆ ನಡೆಯುತ್ತಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಇಂಥ ಹೊತ್ತಿನಲ್ಲಿ ಹೊಸ ಡಬ್ಬಿ ತಂದರೇನು ಬಂತು? ಅದೂ ನಾಲ್ಕು ದಿನದಲ್ಲಿ ಬರಿದಾಗುತ್ತದೆ.

ನಮ್ಮ ಕಡೆಯ ಗ್ಯಾರೇಜಿನವರು ಈ ಆಲ್ಟರ್ನೇಟರಿಗೆ ಈಗಲೂ ಡೈನಮೋ ಎಂದೇ ಅನ್ನುತ್ತಾರೆ. ನೀವೂ ಹಾಗೇ ಹೇಳಿ, ಅವರಿಗೆ ಬೇಗ ಅರ್ಥವಾಗುತ್ತದೆ. ಹಿಂದಿನ ಕಾರುಗಳಲ್ಲಿ ನಿಜವಾಗಿಯೂ ಡೈನಮೋ ಇತ್ತು. ಗಾಡಿ ನಿಧಾನವಾದರೆ ಅದರ ಉತ್ಪತ್ತಿ ಕುಗ್ಗುತ್ತಿತ್ತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರಲ್ಲಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿದ ಮೇಲೆ ಒಂದೊಂದಾಗಿ ಎಲ್ಲ ಕಂಪನಿಗಳೂ ಅದನ್ನೇ ಹಿಡಿದವು. ವಸ್ತು ಹೋಯಿತು, ಹೆಸರು ಉಳಿಯಿತು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಮೊದಲ ಕಾರುಗಳನ್ನು ಮುಂದುಗಡೆ ಕಬ್ಬಿಣದ ಹ್ಯಾಂಡಲ್ ಹಾಕಿ ಗರಗರ ತಿರುಗಿಸಿ ಎಬ್ಬಿಸಬೇಕಾಗಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದು ಗಟ್ಟಿ ಆಳುಗಳ ಮುಂಗೈ ಮುರಿದದ್ದೂ ಉಂಟು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಆ ಕಾಟ ತಪ್ಪಿತು. ಆ ಏರ್ಪಾಡಿನಲ್ಲಿ ಸ್ಟಾರ್ಟರ್, ಬ್ಯಾಟರಿ, ಬ್ಯಾಟರಿಗೆ ತುಂಬಿಸುವ ಯಂತ್ರ ಮೂರೂ ಒಂದೇ ಕುಟುಂಬದಂತೆ ಸೇರಿಕೊಂಡಿದ್ದವು. ತೋಳಿನ ಬಲವಿಲ್ಲದವರೂ ಕಾರು ಓಡಿಸಬಹುದೆಂದಾದದ್ದು ಆಗಲೇ. ಆದ್ದರಿಂದ ಈ ಬ್ಯಾಟರಿ, ಡೈನಮೋ ಗಂಡಸರ ಸೊತ್ತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಅದು ಬಂದದ್ದರಿಂದ ಹೆಚ್ಚು ಲಾಭವಾದದ್ದು ನಮಗೇ.

ಈಗ ನಮ್ಮ ಮನೆಯ ಕಥೆ. ಈ ವರ್ಷದ ಮಾರ್ಚಿನಲ್ಲಿ ಎರಡು ಮೂರು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲು ಸತಾಯಿಸಿತು. ಕೀಲಿ ತಿರುಗಿಸಿದರೆ ಕಟಕಟ ಎನ್ನುವುದು, ಸುಮ್ಮನಾಗುವುದು. ಅದೇ ವಾರ ಕೆಂಪು ದೀಪವೂ ಒಮ್ಮೆ ಹತ್ತಿ ಆರಿತು. ಭಾನುವಾರ ಇವರು ಕಾರನ್ನು ಬ್ಯಾಟರಿ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯವ ಬಾನೆಟ್ಟನ್ನೂ ಎತ್ತದೆ, "ಬ್ಯಾಟರಿ ಚಿತ್ರ ಬಂದ್ರೆ ಬ್ಯಾಟರಿನೇ ಸಾರ್, ಇನ್ನೇನು?" ಎಂದನಂತೆ. ಹಳೆಯದಕ್ಕೆ ಎರಡೇ ವರ್ಷವಾಗಿತ್ತು. ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಮೇಲೆ 4,200 ರೂಪಾಯಿ ತೆತ್ತು ಹೊಸದು ಹಾಕಿಸಿಕೊಂಡು ಬಂದರು. ಹೊಸ ಬ್ಯಾಟರಿ ತುಂಬಿಕೊಂಡೇ ಬಂದಿರುತ್ತದೆ, ಕಾರು ಒಂದೇ ಏಟಿಗೆ ಎದ್ದಿತು. ದೀಪವೂ ಕಾಣಲಿಲ್ಲ. "ನೋಡಿದೆಯೇನೇ, ಸರಿಹೋಯ್ತು" ಎಂದು ಇವರು ಮೀಸೆ ತಿರುವಿದರು.

ನನಗೇಕೋ ಸಮಾಧಾನವಾಗಲಿಲ್ಲ. ಕಾರಿನ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರಲ್ಲ, ಡ್ಯಾಷ್‌ಬೋರ್ಡಿನ ಗೂಡಿನಲ್ಲಿ ಟೋಲಿನ ಚೀಟಿ, ದೇವಸ್ಥಾನದ ಕುಂಕುಮದ ಪೊಟ್ಟಣಗಳ ಅಡಿಯಲ್ಲಿ ಬಿದ್ದಿರುತ್ತದೆ, ಅದನ್ನು ಒಂದು ಮಧ್ಯಾಹ್ನ ಒಳಗೆ ತಂದು ಓದಿದೆ. ಅಡುಗೆ ಪುಸ್ತಕಕ್ಕಿಂತ ಕಷ್ಟವೇನೂ ಅಲ್ಲ. ಬ್ಯಾಟರಿ ಚಿತ್ರದ ಎದುರು ಬರೆದಿದ್ದದ್ದು 'ಚಾರ್ಜಿಂಗ್ ದೀಪ' ಎಂದು! ಎಂಜಿನ್ ಓಡುತ್ತಿರುವಾಗ ಇದು ಹತ್ತಿದರೆ ಚಾರ್ಜಿಂಗ್ ವ್ಯವಸ್ಥೆಯಲ್ಲಿ ದೋಷವಿದೆ, ಬೆಲ್ಟ್ ನೋಡಿ, ಕೂಡಲೇ ತಪಾಸಣೆ ಮಾಡಿಸಿ ಎಂದಿತ್ತು. ಬ್ಯಾಟರಿ ಬದಲಾಯಿಸಿ ಎಂಬ ಮಾತೇ ಇರಲಿಲ್ಲ.

ಪಿಯುಸಿಯಲ್ಲಿ ವಿಜ್ಞಾನ ಓದುವ ಮಗಳನ್ನು ಕೇಳಿದೆ. "ಅಮ್ಮಾ, ಅದು ಹಗ್ಗಜಗ್ಗಾಟ ಇದ್ದಂಗೆ" ಎಂದು ಹಾಲಿನ ಲೆಕ್ಕದ ಚೀಟಿಯ ಹಿಂದೆ ಚಿತ್ರ ಬರೆದಳು. ಆ ಪುಟ್ಟ ಬಲ್ಬಿನ ಒಂದು ತುದಿಗೆ ಬ್ಯಾಟರಿ, ಇನ್ನೊಂದು ತುದಿಗೆ ಆಲ್ಟರ್ನೇಟರ್. ಎರಡೂ ಕಡೆ ಒತ್ತಡ ಸಮನಾಗಿದ್ದರೆ ವಿದ್ಯುತ್ತು ಯಾವ ಕಡೆಗೂ ಹರಿಯದು, ಬಲ್ಬು ಆರಿರುತ್ತದೆ. ಆಲ್ಟರ್ನೇಟರ್ ಸೋತಿತೋ, ಬ್ಯಾಟರಿಯ ಕಡೆಯಿಂದ ಹರಿದು ಬಲ್ಬು ಹೊತ್ತಿಕೊಳ್ಳುತ್ತದೆ. ಕೀಲಿ ಹಾಕಿದ ಕೂಡಲೇ, ಎಂಜಿನ್ ಏಳುವ ಮುಂಚೆ ಈ ದೀಪ ಹತ್ತಿ, ಎದ್ದ ಮೇಲೆ ಆರುವುದು ಇದಕ್ಕೇ. ಈಗಿನ ಹೊಸ ಕಾರುಗಳಲ್ಲಿ ಇದನ್ನೆಲ್ಲ ಕಂಪ್ಯೂಟರು ನೋಡಿಕೊಳ್ಳುತ್ತದೆ, ಆದರೆ ದೀಪದ ಅರ್ಥ ಅದೇ. ಒಂದು ಸೂಕ್ಷ್ಮವಿದೆ: ಕೀಲಿ ಹಾಕಿದಾಗ ಈ ದೀಪ ಹತ್ತದೇ ಹೋದರೆ ಸಂತೋಷಪಡಬೇಡಿ. ಬಲ್ಬು ಸುಟ್ಟಿರಬಹುದು ಅಥವಾ ವಯರು ಕಳಚಿರಬಹುದು. ಹಳೆಯ ಎಷ್ಟೋ ಕಾರುಗಳಲ್ಲಿ ಆಲ್ಟರ್ನೇಟರ್ ಕೆಲಸ ಆರಂಭಿಸಲು ಬೇಕಾದ ಮೊದಲ ಚಿಟಿಕೆ ವಿದ್ಯುತ್ತು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಬಲ್ಬು ಸತ್ತರೆ ಅದೂ ಮಲಗಿತು.

ಇಷ್ಟು ತಿಳಿದ ಮೇಲೆ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಿಂದ ಒಂದು ಮಲ್ಟಿಮೀಟರ್ ತಂದೆ. ಕೆಲವು ನೂರು ರೂಪಾಯಿಗೆ ಸಿಗುವ ವಸ್ತು, ಕೈಯಲ್ಲಿ ಹಿಡಿಯುವಷ್ಟೇ ಗಾತ್ರ, ಕೆಂಪು ಕಪ್ಪು ಎರಡು ಕಡ್ಡಿಗಳು. "ಇನ್ನು ಗ್ಯಾರೇಜ್ ಇಡ್ತೀಯೇನು?" ಎಂದು ಇವರು ನಕ್ಕರು. ನಗಲಿ ಬಿಡಿ.

ಜೂನ್ ತಿಂಗಳ ಇಂಜೆಕ್ಷನ್ನಿನ ದಿನ ಬೆಳಿಗ್ಗೆ ಎಂಟಕ್ಕೆ ಅತ್ತೆಯವರನ್ನು ಕೂರಿಸಿಕೊಂಡು ಹೊರಟೆ. ಆಸ್ಪತ್ರೆಯಲ್ಲಿ ಹತ್ತೂವರೆಗೆ ಹೇಳಿದ್ದರು. ಮಲೆನಾಡಿನ ಮಳೆ ನಿಮಗೆ ಗೊತ್ತೇ ಇದೆ. ಮಂಡಗದ್ದೆ ಹತ್ತಿರ, ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಬಂದಿವೆಯೇ ಎಂದು ಅತ್ತೆಯವರು ಕೇಳುತ್ತಿದ್ದಾಗಲೇ ಕೆಂಪು ದೀಪ ಹತ್ತಿತು. ಈ ಸಲ ಆರಲಿಲ್ಲ. ಹಿಂದೆ ನೋಡಿದರೂ 30 ಕಿಲೋಮೀಟರು, ಮುಂದೆ ನೋಡಿದರೂ ಹೆಚ್ಚುಕಡಿಮೆ 30 ಕಿಲೋಮೀಟರು.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ಎಂಜಿನ್ನಿನ ಶಾಖ ತೋರಿಸುವ ಮುಳ್ಳನ್ನು. ಏಕೆಂದರೆ ಅನೇಕ ಕಾರುಗಳಲ್ಲಿ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ಎಂಜಿನ್ನನ್ನು ತಣ್ಣಗಿಡುವ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದಿದ್ದರೆ ಮುಳ್ಳು ಮೇಲೇರುತ್ತದೆ. ಆಗ ಒಂದು ಮೈಲಿಯೂ ಮುಂದೆ ಹೋಗಬಾರದು, ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಹಟಮಾಡಿ ಓಡಿಸಿದರೆ ಎಂಜಿನ್ನೇ ಬೇಯುತ್ತದೆ, ಆಮೇಲೆ ಸಾವಿರದ ಮಾತಲ್ಲ, ಹತ್ತಾರು ಸಾವಿರದ ಮಾತು. ಕೆಲವು ಕಾರುಗಳಲ್ಲಿ ಸ್ಟೀರಿಂಗೂ ಅದೇ ಬೆಲ್ಟಿನ ಆಶ್ರಯದಲ್ಲಿರುತ್ತದೆ, ತಟ್ಟನೆ ಭಾರವಾಗಿಬಿಡುತ್ತದೆ. ನಮ್ಮ ಮುಳ್ಳು ಎಂದಿನ ಜಾಗದಲ್ಲೇ ಇತ್ತು. ಬಾನೆಟ್ಟಿನಿಂದ ಕಿರುಚಾಟವೂ ಇಲ್ಲ, ಸುಟ್ಟ ರಬ್ಬರಿನ ವಾಸನೆಯೂ ಇಲ್ಲ. ಅಂದರೆ ಬೆಲ್ಟ್ ಇದೆ, ತಿರುಗುತ್ತಿದೆ, ಆದರೆ ಸಂಬಳ ಮಾತ್ರ ಬರುತ್ತಿಲ್ಲ.

ಎರಡನೆಯದು ಡಬ್ಬಿಯ ಲೆಕ್ಕ. ಪುಟ್ಟ ಕಾರಿನ ಬ್ಯಾಟರಿಯ ಮೇಲೆ 35 ಆಂಪಿಯರ್-ಅವರ್ ಎಂದೇನೋ ಬರೆದಿರುತ್ತದೆ. ಗಂಟೆಗೆ ಒಂದೊಂದು ಆಂಪಿಯರ್ ಖರ್ಚು ಮಾಡಿದರೆ ಸುಮಾರು 35 ಗಂಟೆ ಬಂದೀತು. ಮುಂದಿನ ಎರಡು ದೊಡ್ಡ ದೀಪಗಳೇ 9 ಆಂಪಿಯರ್ ನುಂಗುತ್ತವೆ. ಗಾಜಿನ ಹಬೆ ಓಡಿಸುವ ಫ್ಯಾನು ಜೋರಾಗಿಟ್ಟರೆ ಹೆಚ್ಚುಕಡಿಮೆ ಅಷ್ಟೇ. ವೈಪರ್ ಮೂರು ನಾಲ್ಕು. ಪೆಟ್ರೋಲ್ ಪಂಪು, ಎಂಜಿನ್ನಿನೊಳಗಿನ ಕಿಡಿ, ಕಂಪ್ಯೂಟರು ಇವಂತೂ ಬೇಕೇ ಬೇಕು. ಎಲ್ಲ ಒಟ್ಟಿಗೆ ಹಾಕಿದರೆ ಲೆಕ್ಕದ ಪ್ರಕಾರ ಒಂದು ಗಂಟೆಯ ಮೇಲೆ ಸ್ವಲ್ಪ. ಆದರೆ ಬ್ಯಾಟರಿ ಪೂರ್ತಿ ಬರಿದಾಗುವ ತನಕ ಎಂಜಿನ್ ಕಾಯುವುದಿಲ್ಲ, ಒತ್ತಡ ಇಳಿದ ಕೂಡಲೇ ಕೆಮ್ಮಿ ನಿಂತುಬಿಡುತ್ತದೆ. ರಾತ್ರಿಯಾಗಿದ್ದರೆ ನಾನು ಮಂಡಗದ್ದೆಯಲ್ಲೇ ನಿಲ್ಲಿಸಿ ಬಾಡಿಗೆ ಗಾಡಿ ಹುಡುಕುತ್ತಿದ್ದೆ. ಬೆಳಗಿನ ಹೊತ್ತು, ದೊಡ್ಡ ದೀಪ ಬೇಡ. ಬ್ಯಾಟರಿ ಹೊಸದು. 30 ಕಿಲೋಮೀಟರಿಗೆ ಮುಕ್ಕಾಲು ಗಂಟೆ ಸಾಕು. ಶಿವಮೊಗ್ಗದಲ್ಲಿ ಆಸ್ಪತ್ರೆಯೂ ಇದೆ, ಡೈನಮೋ ರಿಪೇರಿಯೂ ಇದೆ. ಮುಂದಕ್ಕೇ ಹೋಗುವುದೆಂದು ನಿಶ್ಚಯಿಸಿದೆ.

ಫ್ಯಾನು ಆರಿಸಿದೆ. ಹಾಡು ನಿಲ್ಲಿಸಿದೆ. ಫೋನಿನ ಚಾರ್ಜರ್ ಕಿತ್ತೆ. ವೈಪರನ್ನು ನಿಧಾನದ ಮಟ್ಟಕ್ಕಿಳಿಸಿದೆ. ಗಾಜಿಗೆ ಹಬೆ ಕೂತಾಗ ಕಿಟಕಿ ಬೆರಳಗಲ ಇಳಿಸಿ, ಅತ್ತೆಯವರ ಕೈಗೆ ಒಣ ಟವೆಲ್ ಕೊಟ್ಟು ಒರೆಸಲು ಹೇಳಿದೆ. "ಇದೇನೇ ಮಾರಾಯ್ತಿ, ಕಣ್ಣು ಕಾಣದವಳ ಹತ್ರ ಗಾಜು ಒರೆಸ್ತೀಯ?" ಎಂದು ನಗುತ್ತಲೇ ಒರೆಸಿದರು. ಸಕ್ರೆಬೈಲಿನಲ್ಲಿ ಆನೆಗಳು ಹೊಳೆಗಿಳಿಯುವ ಹೊತ್ತು. ಪ್ರತಿಸಲ ಅಲ್ಲಿ ಎರಡು ನಿಮಿಷ ನಿಂತು ಚಹಾ ಕುಡಿಯುವುದು ಅವರಿಗೆ ಅಭ್ಯಾಸ. "ಇವತ್ತು ಬೇಡ ಅತ್ತೆ, ಎಂಜಿನ್ ಆರಿಸಿದರೆ ಮತ್ತೆ ಏಳೋದು ಅನುಮಾನ" ಎಂದೆ. ಇದನ್ನು ಚೆನ್ನಾಗಿ ನೆನಪಿಡಿ. ಓಡುತ್ತಿರುವ ಎಂಜಿನ್ನಿಗೆ ಸ್ವಲ್ಪ ವಿದ್ಯುತ್ತು ಸಾಕು, ಏಳಿಸಲು ಮಾತ್ರ ದೊಡ್ಡ ಹಿಡಿ ಬೇಕು. ಗಾಜನೂರು ದಾಟುವಾಗ ವೈಪರ್ ಎಳೆದೆಳೆದು ತಿರುಗತೊಡಗಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಅತ್ತೆಯವರಿಗೆ ಕೇಳಿಸುವಂತಿತ್ತು. ಹತ್ತು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ, ಎಂಜಿನ್ ಆರಿಸದೆಯೇ ಅವರನ್ನಿಳಿಸಿ ಆಯಾ ಕೈಗೆ ಒಪ್ಪಿಸಿ, ಡೈನಮೋ ಸ್ಟಾರ್ಟರ್ ರಿಪೇರಿ ಎಂದು ಬೋರ್ಡು ಹಾಕಿದ್ದ ಒಂದು ಅಂಗಡಿಗೆ ಗಾಡಿ ತಂದೆ.

ಅಲ್ಲಿದ್ದ ಹುಡುಗ ಬಂದವನೇ, "ಮೈನಸ್ ವಯರ್ ಬಿಚ್ಚಿ ನೋಡಾಣ ಅಕ್ಕಾ. ಗಾಡಿ ಆಫ್ ಆದ್ರೆ ಡೈನಮೋ ಹೋಗಿದೆ ಅಂತ" ಎಂದು ಸ್ಪ್ಯಾನರ್ ಎತ್ತಿದ. "ಬೇಡ ತಮ್ಮಾ, ಮೀಟರ್ ಹಿಡಿದು ನೋಡು" ಎಂದೆ. ಇದು ಡೈನಮೋ ಕಾಲದ ಹಳೇ ವಿದ್ಯೆ, ಈಗಲೂ ಕೆಲವರು ಮಾಡುತ್ತಾರೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವಯರು ಕಿತ್ತರೆ ವಿದ್ಯುತ್ತಿನ ಒತ್ತಡ ತಟ್ಟನೆ ನೆಗೆದು ಆಲ್ಟರ್ನೇಟರಿನ ಡಯೋಡ್‌ಗಳೂ ಕಾರಿನ ಕಂಪ್ಯೂಟರೂ ಸುಟ್ಟುಹೋಗಬಹುದು. ಒಳಗಿದ್ದ ಮೇಸ್ತ್ರಿ ಕೇಳಿಸಿಕೊಂಡು ಎದ್ದು ಬಂದ. "ಅಕ್ಕ ಹೇಳಿದ್ದು ಸರಿ ಕಣೋ, ಮೀಟರ್ ತಗೊಂಬಾ" ಎಂದ.

ಮೇಸ್ತ್ರಿ ಕೆಲಸ ಮಾಡಿದ ಕ್ರಮ ನೋಡಿ ನನಗೆ ನಮ್ಮಜ್ಜಿ ಉಪ್ಪಿನಕಾಯಿ ಜಾಡಿ ಪರೀಕ್ಷಿಸುತ್ತಿದ್ದದ್ದು ನೆನಪಾಯಿತು, ಅವಸರವೇ ಇಲ್ಲ. ಓಡುವ ಎಂಜಿನ್ನಿನಲ್ಲೇ ಬ್ಯಾಟರಿಯ ಎರಡು ತುದಿಗೆ ಕಡ್ಡಿ ಮುಟ್ಟಿಸಿದ: 11.9. ಹುಡುಗನಿಗೆ ಆಕ್ಸಿಲರೇಟರ್ ಒತ್ತಲು ಹೇಳಿದ: ಆಗಲೂ 11.9. ಚಾರ್ಜ್ ಆಗುತ್ತಿದ್ದರೆ 14ರ ಆಸುಪಾಸು ಇರಬೇಕಿತ್ತು. ಆಮೇಲೆ ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿಗೇ ಕಡ್ಡಿ ಇಟ್ಟ. ಅಲ್ಲಿ 14 ಇದ್ದು ಬ್ಯಾಟರಿಯಲ್ಲಿ 12 ಇದ್ದರೆ ನಡುವಿನ ವಯರೋ ಫ್ಯೂಸೋ ಕೆಟ್ಟಿದೆ ಎಂದರ್ಥವಂತೆ. ಅಲ್ಲೂ ಅಷ್ಟೇ ಇತ್ತು. ಎಂಜಿನ್ ಆರಿಸಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ, ಬಿಗಿಯಾಗಿತ್ತು. ಹಿಂದಿನ ಪುಟ್ಟ ಪ್ಲಗ್ಗನ್ನು ಅಲ್ಲಾಡಿಸಿದ, ಗಟ್ಟಿಯಾಗಿತ್ತು. "ಬ್ಯಾಟರಿ ಏನೂ ಆಗಿಲ್ಲ ಅಕ್ಕಾ. ಡೈನಮೋ ಇಳಿಸ್ತೀನಿ" ಎಂದ.

ಒಳಗಿಂದ ತೆಗೆದು ನನ್ನ ಅಂಗೈ ಮೇಲೆ ಇಟ್ಟದ್ದು ಎರಡು ಕರಿಯ ಚೂರುಗಳು. ಕಾರ್ಬನ್ ಬ್ರಷ್ ಎನ್ನುತ್ತಾರೆ. ನಮ್ಮ ಮಿಕ್ಸಿಯ ಮೋಟಾರಿನಲ್ಲೂ ಇವು ಇರುತ್ತವೆ. ತಿರುಗುವ ಉಂಗುರಗಳಿಗೆ ಸದಾ ಒತ್ತಿಕೊಂಡು ವಿದ್ಯುತ್ತು ಮುಟ್ಟಿಸುವುದು ಇವುಗಳ ಕೆಲಸ. ಉಜ್ಜಿ ಉಜ್ಜಿ ಸವೆಯುವುದು ಸಹಜ. ನಮ್ಮವು ಹೊಸದರ ಕಾಲುಭಾಗವೂ ಉಳಿದಿರಲಿಲ್ಲ. ಒಮ್ಮೆ ಮುಟ್ಟುತ್ತಿದ್ದವು, ಒಮ್ಮೆ ಮುಟ್ಟುತ್ತಿರಲಿಲ್ಲ. ಮಾರ್ಚಿನಲ್ಲಿ ದೀಪ ಹತ್ತಿ ಆರಿದ್ದು, ಬೆಳಿಗ್ಗೆ ಕಾರು ಸತಾಯಿಸಿದ್ದು, ಹೊಸ ಬ್ಯಾಟರಿ ಹಾಕಿದ ಮೇಲೆ ಮೂರು ತಿಂಗಳು ಎಲ್ಲ ಸರಿ ಇದ್ದಂತೆ ಕಂಡದ್ದು, ಎಲ್ಲದರ ಗುಟ್ಟೂ ಆ ಎರಡು ಚೂರುಗಳಲ್ಲಿತ್ತು. ಎರಡು ವರ್ಷದ ಹಳೆಯ ಬ್ಯಾಟರಿ ಪಾಪ, ಅರೆಹೊಟ್ಟೆಯಲ್ಲಿತ್ತು ಅಷ್ಟೇ. ಅದನ್ನು ಕಾರಿಲ್ಲದೆ ಮನೆಯಿಂದ ಓಡಿಸಿದ್ದಾಯಿತು.

ಬ್ರಷ್ ಬದಲಾಯಿಸಿ, ಉಂಗುರ ಉಜ್ಜಿ, ಬೇರಿಂಗ್ ತಿರುಗಿಸಿ ನೋಡಿ ಮತ್ತೆ ಕೂರಿಸಿದ. ಅಷ್ಟು ಹೊತ್ತು ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದ್ದ. ಬರಿದಾದ ಬ್ಯಾಟರಿಯ ಪೂರ್ತಿ ಭಾರವನ್ನು ಡೈನಮೋ ಮೇಲೆ ಹೇರಬಾರದು ಎಂದ. ಸ್ಟಾರ್ಟ್ ಮಾಡಿದಾಗ ಮೀಟರ್ 14.2 ತೋರಿಸಿತು, ದೀಪ, ಫ್ಯಾನು ಎಲ್ಲ ಹಾಕಿದರೂ 13.8. ಒಟ್ಟು ಬಿಲ್ಲು 650 ರೂಪಾಯಿ. ಇಂಜೆಕ್ಷನ್ ಮುಗಿಸಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅತ್ತೆಯವರು ಕೇಳಿದ ಮೊದಲ ಪ್ರಶ್ನೆ, "ಈಗ ಸಕ್ರೆಬೈಲಲ್ಲಿ ನಿಲ್ಲಿಸಬಹುದೋ?"

ಈ ಪರೀಕ್ಷೆಯನ್ನು ನೀವು ಮನೆಯಂಗಳದಲ್ಲೇ ಮಾಡಬಹುದು. ಮೀಟರಿನ ಗುಂಡಿಯನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ ಮುಟ್ಟಿಸಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ಬಂದರೆ ಡಬ್ಬಿ ತುಂಬಿದೆ. 12.2 ಎಂದರೆ ಅರ್ಧ ಮುಗಿದಿದೆ. 12ರ ಕೆಳಗೆ ಬಂದರೆ ತಳ ಕಾಣುತ್ತಿದೆ. ಎಂಜಿನ್ ಓಡಿಸಿ ನೋಡಿದಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರು ಪೆಟ್ರೋಲ್ ಉಳಿಸಲು ಇದನ್ನು ಬೇಕೆಂದೇ ಏರಿಸಿ ಇಳಿಸಿ ಮಾಡುವುದುಂಟು, ಅಲ್ಲಿ ಒಂದೇ ಅಳತೆಗೆ ಗಾಬರಿಯಾಗಬೇಡಿ, ದೀಪವನ್ನು ನಂಬಿ. ಎಂಜಿನ್ ಓಡುವಾಗ 14 ಬಂದು, ಬೆಳಿಗ್ಗೆ ಮಾತ್ರ ಇಳಿದಿರುತ್ತದೆಯೆನ್ನಿ, ಆಗ ಬ್ಯಾಟರಿಗೆ ವಯಸ್ಸಾಗಿರಬಹುದು, ಇಲ್ಲವೇ ರಾತ್ರಿ ಎಲ್ಲೋ ಸೋರುತ್ತಿರಬಹುದು. ಡಿಕ್ಕಿಯ ದೀಪ ಉರಿಯುತ್ತಲೇ ಇರುವುದು, ಆಲ್ಟರ್ನೇಟರಿನ ಡಯೋಡ್ ಕೆಟ್ಟು ವಿದ್ಯುತ್ತು ಹಿಂದಕ್ಕೆ ಹರಿಯುವುದು ಇಂಥವೆಲ್ಲ ಇರುತ್ತವೆ. ದೀಪ ನಿಂತಾಗ ಮಿಣಿಮಿಣಿ ಎಂದು, ಆಕ್ಸಿಲರೇಟರ್ ಒತ್ತಿದರೆ ಆರಿದರೆ ಬೆಲ್ಟ್ ಸಡಿಲವೋ ಬ್ರಷ್ ಸವೆದಿದೆಯೋ ನೋಡಿಸಿ. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನೊಳಗೆ ಹಂದಿಮರಿ ಕಿರುಚಿದಂತಾದರೆ ಅದು ಬೆಲ್ಟಿನ ದನಿ.

ಒಂದು ಎಚ್ಚರಿಕೆ, ಇದನ್ನು ಗಂಡಸರು ಬರೆದ ಪುಸ್ತಕದಲ್ಲಿ ನಾನು ಕಾಣಲಿಲ್ಲ. ಬಾನೆಟ್ ಎತ್ತುವ ಮುಂಚೆ ಬಳೆ, ಉಂಗುರ ಬಿಚ್ಚಿಡಿ. ಮಾಂಗಲ್ಯವನ್ನು ರವಿಕೆಯೊಳಗೆ ಸೇರಿಸಿ, ಸೆರಗು ಸಿಕ್ಕಿಸಿ, ಜಡೆ ಗಂಟು ಹಾಕಿ. ಚಿನ್ನದ ಬಳೆ ಪ್ಲಸ್ ತುದಿಗೂ ಕಾರಿನ ಕಬ್ಬಿಣಕ್ಕೂ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಓಡುವ ಬೆಲ್ಟಿನ ಹತ್ತಿರ ಸೆರಗು ಸುಳಿಯಲೇಬಾರದು. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಹೊರಡುತ್ತದೆ. ಆಯುಧಪೂಜೆಯ ದಿನ ಬಾನೆಟ್ ತೆರೆದಿಟ್ಟು ಕರ್ಪೂರ ಬೆಳಗುವ ಭಕ್ತಿ ಬೇಡ, ಮುಚ್ಚಿಯೇ ಬೆಳಗಿ. ತುದಿಗಳ ಮೇಲೆ ಹಸಿರು ಬಿಳಿ ಹಿಟ್ಟು ಕೂತಿದ್ದರೆ ಅದೂ ಚಾರ್ಜಿಂಗಿಗೆ ಅಡ್ಡಿ. ಎಂಜಿನ್ ಆರಿಸಿ, ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿ. ಆ ನೀರು ಬ್ಯಾಟರಿಯ ಬಾಯೊಳಗೆ ಹೋಗಬಾರದು. ಒರೆಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಮುಚ್ಚಳವಿರುವ ಬ್ಯಾಟರಿಯಾದರೆ ಒಳಗೆ ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿಯ ನೀರು, ಫಿಲ್ಟರಿನ ನೀರು ನಮಗೆ ಒಳ್ಳೆಯದು, ಬ್ಯಾಟರಿಗೆ ವಿಷ.

ಹೋದ ವಾರ ಪಕ್ಕದ ಮನೆಯ ಟೀಚರಮ್ಮ ಬಂದು, "ನಮ್ಮ ಕಾರಲ್ಲಿ ಕೆಂಪು ದೀಪವೇನೂ ಇಲ್ಲ, ಆದರೆ ಒಳಗೆಲ್ಲ ಕೊಳೆತ ಮೊಟ್ಟೆ ವಾಸನೆ, ಹದಿನೈದು ದಿನದಲ್ಲಿ ಎರಡು ಬಲ್ಬು ಹೋಯಿತು" ಎಂದರು. ಮೀಟರ್ ತೆಗೆದುಕೊಂಡು ಹೋಗಿ ಎಂಜಿನ್ ಓಡಿಸಿ ಅಳೆದೆ, 15.7 ಇತ್ತು. ಬ್ಯಾಟರಿ ಮುಟ್ಟಿದರೆ ಬಿಸಿ, ಒಳಗಿನ ನೀರು ಅರ್ಧಕ್ಕಿಳಿದಿತ್ತು. ಸಂಬಳ ಹೆಚ್ಚಾಗಿ ಮನೆ ಕೆಟ್ಟದ್ದೂ ಉಂಟಲ್ಲ! ಆಲ್ಟರ್ನೇಟರಿನ ಉತ್ಪತ್ತಿಯನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಾಗ ಹೀಗಾಗುತ್ತದೆ. ಕಿಟಕಿ ತೆರೆದಿಟ್ಟು, ಹೆಚ್ಚು ಓಡಿಸದೆ, ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಬಳಿ ಕೂಡಲೇ ಒಯ್ಯಿರಿ ಎಂದು ಚೀಟಿಯಲ್ಲಿ '15.7' ಎಂದು ಬರೆದುಕೊಟ್ಟೆ. ಆ ಚೀಟಿ ನೋಡಿದ ಮೇಲೆ ಅವರು ಬ್ಯಾಟರಿಯ ಮಾತನ್ನೇ ಎತ್ತಲಿಲ್ಲವಂತೆ. ರೆಗ್ಯುಲೇಟರ್ ಬದಲಾಯಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ ಸಂಜೆಗೆ ಕಾರು ಕೊಟ್ಟರು.